ಕಾಲು ಕೂಡುತ್ತದೆ

ಜುಲೈ 18, 1977. ಸೋಮವಾರ

ತೂಕ ಸರಿಯಿದೆ. ಮೊಣಕಾಲು ಸರಿಯಿಲ್ಲ — ಯಾವ ವರ್ಷ ಸರಿಯಿತ್ತು. ಬೆಳಿಗ್ಗೆ ಬೆರಳುಗಳಿಗೆಲ್ಲ ಟೇಪು ಸುತ್ತಿಸಿಕೊಂಡು ಮೈದಾನಕ್ಕೆ ಇಳಿದೆ. ಕ್ಯಾಂಪಿನಲ್ಲಿ ಅದೇ ಹಾಸ್ಟೆಲ್ ಕೋಣೆ, ಅದೇ ಗಿಡ್ಡ ಮಂಚ. ಪಾದ ಹೊರಗೆ ನೇತಾಡುತ್ತದೆ.

ಊಟವಾದ ಮೇಲೆ ಫುಟ್‌ಬಾಲ್ ಲೀಗಿನವನೊಬ್ಬ ಬಂದು ಹೊಸ ನಿಯಮ ಓದಿದ. ಇನ್ನು ಮುಂದೆ ಎದುರಾಳಿಯ ತಲೆಗೆ ಅಂಗೈಯಿಂದ ಹೊಡೆಯುವಂತಿಲ್ಲ. ಮೊದಲ ಹೆಜ್ಜೆಯಲ್ಲೂ ಇಲ್ಲ. ಕೂತವರೆಲ್ಲ ನನ್ನ ಕಡೆ ತಿರುಗಿದರು. ಹಿಂದಿನಿಂದ ಯಾರೋ ಚಪ್ಪಾಳೆ ಹೊಡೆದರು.

ನನ್ನ ಕಸುಬೇ ಅದು. ಚೆಂಡು ಅಲುಗಿದ ಕೂಡಲೇ ಎದುರಿಗಿರುವ ದಢೂತಿ ಆಳಿನ ಹೆಲ್ಮೆಟ್ಟಿಗೆ ಒಂದು ಕಪಾಳಮೋಕ್ಷ. ಅವನ ಕಿವಿ ಗುಂಯ್ ಅನ್ನುವಷ್ಟರಲ್ಲಿ ಪಕ್ಕದಿಂದ ನುಗ್ಗಿ ಅವನ ಹಿಂದೆ ಚೆಂಡು ಎಸೆಯಲು ನಿಂತ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು. ಇಷ್ಟು ವರ್ಷ ಅನ್ನ ಹಾಕಿದ ಕೈ. ಇವತ್ತಿನಿಂದ ಅದು ಅಪರಾಧ.

ಹಾಲ್ವರ್ಸನ್ — ನಮ್ಮ ಡಿಫೆನ್ಸ್ ಸಾಲಿನ ಕೋಚ್ — ಹೊರಗೆ ಸಿಕ್ಕಿದ. "ಆರ್ಲಿಸ್, ಬೇರೆ ಏನಾದ್ರೂ ಕಲ್ತ್ಕೋ. ಬೇಗ ಕಲ್ತ್ಕೋ." ಅಷ್ಟೇ. ಹೋದ.

ಸಂಜೆ ಕಾರಿಡಾರಿನ ಫೋನಿಗೆ ಕರೆ. ಎರಿಯಿಂದ. ಸ್ಟಾನ್ ವೊಯ್ಚಿಕ್ ಅಲ್ಲದೆ ಇನ್ಯಾರು.

"ಪಾದ್ರೀ! ಸುದ್ದಿ ಕೇಳಿದ್ಯಾ? ಇನ್ನು ಆ ಕೈ ಇಟ್ಕೊಂಡು ಏನ್ ಮಾಡ್ತೀಯ? ಸ್ವೆಟರ್ ಹೆಣಿ."

"ಮೊದಲನೇದು ನಿನಗೇ ಹೆಣಿತೀನಿ ಕುಳ್ಳಾ. ಉಲ್ಲನ್ ಸಾಲಲ್ಲ, ಅದೇ ಯೋಚನೆ."

"ಈ ವರ್ಷ ಬಿಟ್ಬಿಡೋಣ ಅಂತಿದ್ದೆ ಕಣೋ. ಈಗ ಬಿಡಲ್ಲ. ಕಿವಿಗೆ ರಜಾ ಸಿಕ್ಕಿದೆ, ಈಗ್ಯಾಕೆ ಬಿಡ್ಲಿ?"

ಎಂಟು ವರ್ಷದಿಂದ, ವರ್ಷಕ್ಕೆ ಎರಡು ಸಲ, ನಾನು ಟೊಲೀಡೊ ಪರ, ಅವನು ಎರಿ ಪರ, ಮುಖಕ್ಕೆ ಮುಖ ಕೊಟ್ಟು ನಿಂತಿದ್ದೇವೆ. ಅವನ ಕ್ವಾರ್ಟರ್‌ಬ್ಯಾಕನ್ನು ನನ್ನಿಂದ ಕಾಯುವುದು ಅವನ ಕೆಲಸ. ಬಾಗಿಲು ತಲೆ ಬಗ್ಗಿಸಿ ದಾಟುವ ಆಳು, ಅದಕ್ಕೇ ಕುಳ್ಳ. ನಮ್ಮಪ್ಪ ಅಲಬಾಮದಲ್ಲಿ ಚರ್ಚು ನಡೆಸುತ್ತಿದ್ದರು, ಅದಕ್ಕೆ ನಾನು ಪಾದ್ರಿ. ಆಟ ಇಲ್ಲಾದರೆ ರಾತ್ರಿ ಊಟ ನಮ್ಮ ಮನೆಯಲ್ಲಿ, ಅಲ್ಲಾದರೆ ಅವನ ಮನೆಯಲ್ಲಿ. ಅವನ ಹೆಂಡತಿ ಹೆಡ್ಡಿ ಮಾಡುವ ಆಲೂಗಡ್ಡೆ ಕಡುಬು ತಿನ್ನುವುದಕ್ಕಾದರೂ ಒಂದು ಸೀಸನ್ ಹೆಚ್ಚಿಗೆ ಆಡಬಹುದು.

ಜುಲೈ 29, ಶುಕ್ರವಾರ

ಕೈ ಮಾತು ಕೇಳುತ್ತಿಲ್ಲ. ಚೆಂಡು ಅಲುಗಿದರೆ ಸಾಕು, ತಾನಾಗಿ ಏಳುತ್ತದೆ. ಇವತ್ತೂ ಸೀಟಿ ಊದಿಸಿಕೊಂಡೆ. ಹಾಲ್ವರ್ಸನ್ ಬಲಗೈಯನ್ನು ಬೆಲ್ಟಿಗೆ ಕಟ್ಟಿಸಿ ಆಡಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನನ್ನ ಜಾಗಕ್ಕೆ ಹೊಸಬನೊಬ್ಬ ಬಂದಿದ್ದಾನೆ. ಕೀಫರ್, ಟೆಕ್ಸಾಸಿನವನು. ಜಿಂಕೆಯ ಹಾಗೆ ಓಡುತ್ತಾನೆ. ನನ್ನನ್ನು "ಸರ್" ಅನ್ನುತ್ತಾನೆ. ಈ ಆಟದಲ್ಲಿ ಸರ್ ಅನ್ನಿಸಿಕೊಂಡವನು ಹೆಚ್ಚು ದಿನ ಉಳಿದದ್ದು ನೋಡಿಲ್ಲ.

ಆಗಸ್ಟ್ 30, ಮಂಗಳವಾರ

ಉಳಿದೆ.

ತಂಡದಿಂದ ತೆಗೆಯುವವರ ಬಾಗಿಲನ್ನು ಬೆಳಿಗ್ಗೆ ತಟ್ಟುತ್ತಾರೆ. ತಟ್ಟಿದರು — ಪಕ್ಕದ ಕೋಣೆ. ಮಂಚದ ಅಂಚಿನಲ್ಲಿ ಕೂತೇ ಇದ್ದೆ, ಶೂ ಹಾಕಿಕೊಂಡು. ಆ ಮನುಷ್ಯ ಸೂಟ್‌ಕೇಸು ಎಳೆದುಕೊಂಡು ಹೋದ ಸದ್ದು ಕೇಳಿದ ಮೇಲೆ ವರ್ನೀಸ್‌ಗೆ ಫೋನ್ ಮಾಡಿದೆ. ನನ್ನ ಹೆಂಡತಿ ಮೂರನೇ ಕ್ಲಾಸಿನ ಮೇಡಂ. ನನ್ನ ಜೊತೆಗೂ ಅದೇ ಧಾಟಿ.

"ಉಳಿದ್ಯಾ? ಒಳ್ಳೇದು. ಈಗ ಏನಾದ್ರೂ ತಿನ್ನು."

ಸೆಪ್ಟೆಂಬರ್ 26, ಸೋಮವಾರ

ಎರಡನೆಯ ಪಂದ್ಯವೂ ಮುಗಿಯಿತು. ಎದುರಾಳಿ ಕ್ವಾರ್ಟರ್‌ಬ್ಯಾಕಿನ ಅಂಗಿಗೂ ನನ್ನ ಬೆರಳು ತಗುಲಲಿಲ್ಲ. ಕಾರಿನ ರೇಡಿಯೋದಲ್ಲಿ ಒಬ್ಬ — ಆರ್ಲಿಸ್ ಟಾಲಿವರ್ ಈಗ ಹಲ್ಲು ಕಿತ್ತ ಹಾವು, ಅಂದ. ಆರಿಸಿದೆ. ವರ್ನೀಸ್ ಮತ್ತೆ ಹಾಕಿದಳು. "ಕೇಳಿಸ್ಕೋ. ಆಮೇಲೆ ಮರೆತುಬಿಡು."

ಅಕ್ಟೋಬರ್ 10, ಸೋಮವಾರ, ಬೆಳಿಗ್ಗೆ

ನಿನ್ನೆ ಎರಿ ತಂಡ ಇಲ್ಲಿಗೆ ಬಂದಿತ್ತು. ನಾವು ಗೆದ್ದೆವು. ಪೇಪರಿನ ಮೊದಲ ಪುಟದಲ್ಲಿ ನನ್ನ ಫೋಟೊ. ಕ್ವಾರ್ಟರ್‌ಬ್ಯಾಕನ್ನು ನಾಲ್ಕು ಸಲ ಮಣ್ಣು ಮುಕ್ಕಿಸಿದೆ. ತಂಡದವರು ಪಂದ್ಯದ ಚೆಂಡನ್ನು ನನಗೇ ಕೊಟ್ಟರು.

ಸಂತೋಷವಿಲ್ಲ. ಯಾಕೆ ಅಂತ ಬರೆಯುತ್ತೇನೆ, ಬೇರೆ ಯಾರಿಗೂ ಹೇಳಲಾಗದು.

ಮೊದಲ ಸಲ ಸಾಲಿನಲ್ಲಿ ಬಗ್ಗಿ ನಿಂತಾಗಲೇ ಸ್ಟಾನ್ ಏನೋ ಬೇರೆ. ನನ್ನ ಕಡೆ ನೋಡುವುದು ಬಿಟ್ಟು ಪಕ್ಕದವನನ್ನು ನೋಡುತ್ತಿದ್ದ. ಚೆಂಡು ಹೊರಟಿತು, ಇವನು ಹೊರಡಲಿಲ್ಲ. ನಾನು ಖಾಲಿ ಬಾಗಿಲಲ್ಲಿ ಹೋದ ಹಾಗೆ ಹೋಗಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದೆ. ಏನೋ ತಮಾಷೆ ಅಂದುಕೊಂಡೆ. ಎದ್ದು ಬರುವಾಗ ಸ್ಟಾನ್ ನನ್ನ ತೋಳು ಹಿಡಿದ.

"ಪಾದ್ರೀ, ಇದು ಆಟದ ಎಷ್ಟನೇ ಕ್ವಾರ್ಟರ್?"

"ಈಗ ತಾನೆ ಶುರುವಾಯ್ತು ಕುಳ್ಳಾ."

"ಹ್ಞಾ. ಅದೇ. ನನಗೆ ಗೊತ್ತು."

ಆಮೇಲೂ ಹಾಗೇ. ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ. ಒಮ್ಮೆ ಸುಮ್ಮನೆ ನಿಂತು ಪ್ರೇಕ್ಷಕರನ್ನು ನೋಡುತ್ತಿದ್ದ, ಮಳೆ ಬರುತ್ತಾ ಅಂತ ನೋಡುವವರ ಹಾಗೆ. ಅರ್ಥವಾಯಿತು ನನಗೆ. ಅರ್ಥವಾದ ಮೇಲೂ ಪ್ರತಿ ಸಲ ಆ ಖಾಲಿ ಬಾಗಿಲಿಂದ ನುಗ್ಗಿದೆ. ಕೆಲಸ ಹೋಗುವ ವರ್ಷ ಇದು. ನುಗ್ಗದೆ ಏನು ಮಾಡಲಿ.

ರಾತ್ರಿ ಊಟಕ್ಕೆ ಬಂದರು, ಯಾವಾಗಿನ ಹಾಗೆ. ವರ್ನೀಸ್ ಮೀನು ಕರಿದಿದ್ದಳು, ಸೊಪ್ಪು ಬೇಯಿಸಿದ್ದಳು. ಸ್ಟಾನ್ ತನ್ನಪ್ಪನ ಗಣಿಯ ಹೇಸರಗತ್ತೆಯ ಕತೆ ಹೇಳಿದ — ಅದು ಮೇಲ್ವಿಚಾರಕನ ಟೋಪಿ ತಿಂದ ಕತೆ. ನಕ್ಕೆವು. ತಟ್ಟೆ ತೆಗೆಯುವಷ್ಟರಲ್ಲಿ ಮತ್ತೆ, "ಅಂದ ಹಾಗೆ ನಮ್ಮಪ್ಪನ ಗಣಿಯಲ್ಲೊಂದು ಹೇಸರಗತ್ತೆ ಇತ್ತು ನೋಡು..." ಹೆಡ್ಡಿ ಕೈಲಿದ್ದ ಫೋರ್ಕು ತಟ್ಟೆಯ ಮೇಲಿಟ್ಟಳು. ಸದ್ದಾಗದ ಹಾಗೆ. ನಾವೆಲ್ಲ ಮತ್ತೆ ನಕ್ಕೆವು. ಮೊದಲ ಸಲಕ್ಕಿಂತ ಜೋರಾಗಿ.

ಅಕ್ಟೋಬರ್ 11, ಮಂಗಳವಾರ

ಪಂದ್ಯದ ಫಿಲ್ಮ್ ಹಾಕಿದರು. ಹಾಲ್ವರ್ಸನ್‌ಗೆ ಹಬ್ಬ. "ನೋಡ್ರೋ, ನೋಡ್ರೋ! ಕೈ ಎತ್ತದೇ ಹೇಗೆ ಹೋದ ನೋಡ್ರಿ. ಮುದಿ ನಾಯಿಗೂ ಹೊಸ ವಿದ್ಯೆ ಬರುತ್ತೆ!" ಅದೇ ತುಣುಕನ್ನು ಹಿಂದೆ ತಿರುಗಿಸಿ ತಿರುಗಿಸಿ ತೋರಿಸಿದ.

ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಾನು ಸ್ಟಾನ್‌ನನ್ನು. ಚೆಂಡು ಹೊರಡುವ ಮೊದಲು ಅವನ ತುಟಿ ಅಲ್ಲಾಡುತ್ತದೆ. ಪಕ್ಕದವನನ್ನು ಕೇಳುತ್ತಿದ್ದಾನೆ — ನಾನು ಎಲ್ಲಿಗೆ ಹೋಗಬೇಕು?

ಕೀಫರ್ ಕೈ ಎತ್ತಿ ಕೇಳಿದ, "ಸರ್, ಅದು ಹೇಗೆ ಮಾಡಿದ್ರಿ?"

"ಅಭ್ಯಾಸ," ಅಂದೆ.

ಅಕ್ಟೋಬರ್ 27, ಗುರುವಾರ

ಹೆಡ್ಡಿ ಫೋನ್ ಮಾಡಿದ್ದಳು. ಸ್ಟಾನ್ ಅಭ್ಯಾಸಕ್ಕೆ ಹೋದ ಹೊತ್ತು ನೋಡಿ.

ಬೇಕರಿಗೆಂದು ಹೋದವನು ಕತ್ತಲಾದ ಮೇಲೆ ಪೊಲೀಸರ ಕಾರಿನಲ್ಲಿ ಮನೆಗೆ ಬಂದನಂತೆ. ಪೊಲೀಸಿನವನು ಆಟೋಗ್ರಾಫ್ ತಗೊಂಡು ಹೋದನಂತೆ. ತಂಡದ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಮಾತ್ರೆ ಕೊಟ್ಟರಂತೆ, ತಲೆನೋವಿಗೆ.

"ನಾನು ಹೇಳಿದ್ರೆ ನಗ್ತಾನೆ ಆರ್ಲಿಸ್. ನಿನ್ನ ಮಾತು ಕೇಳ್ತಾನೆ. ಬಿಟ್ಬಿಡು ಅಂತ ನೀನು ಹೇಳು."

"ನಾನು ಯಾವ ಬಾಯಲ್ಲಿ ಹೇಳ್ಲಿ ಹೆಡ್ಡಿ? ಅವನಿಂದ ನನ್ನ ಕೆಲಸ ಉಳಿದಿದೆ."

"ಅದಕ್ಕೇ ಹೇಳು. ನಿನಗೆ ಗೊತ್ತಿದೆಯಲ್ಲ."

ಸಂಜೆ ಸ್ಟಾನ್‌ಗೆ ಫೋನ್ ಮಾಡಿದೆ. ಸುತ್ತಿ ಬಳಸಿ ಹೇಳಿದೆ — ನಮಗೂ ವಯಸ್ಸಾಯ್ತು, ಮೀನು ಹಿಡಿಯೋಣ, ದೋಣಿ ತಗೊಳ್ಳೋಣ... ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಹೆಡ್ಡಿ ಅತ್ತಳಾ?"

"ಇಲ್ಲ."

"ಸುಳ್ಳು ಹೇಳಕ್ಕೂ ಬರಲ್ಲ ನಿನಗೆ. ಕೇಳಿಲ್ಲಿ ಪಾದ್ರಿ. ಕೈ ಕಟ್ಟಿ ಹಾಕಿದ ಮೇಲೆ ನನ್ನ ಕಂಡ್ರೆ ನಿನಗೆ ಭಯ. ಅದಕ್ಕೆ ಬಿಡು ಅಂತೀಯ."

"ಭಯಾನೇ. ಆದ್ರೆ ಆ ಭಯ ಅಲ್ಲ."

ಇಟ್ಟುಬಿಟ್ಟ.

ನವೆಂಬರ್ 9, ಬುಧವಾರ

ವರ್ನೀಸ್ ಬೆಳಿಗ್ಗೆ ಕಾಫಿ ಬಗ್ಗಿಸುತ್ತಾ ಕೇಳಿದಳು — "ನಿನ್ನ ತಲೆ?"

"ನನ್ನ ತಲೆಗೇನು. ನಾನು ಹೊಡೆದವನು."

ಅವಳು ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದಳು.

ಎಂಟು ವರ್ಷ ಆ ಹೆಲ್ಮೆಟ್ಟಿನ ಮೇಲೆ ಈ ಕೈ. ನಿಯಮದೊಳಗೇ. ಅವನೂ ಬೇರೆಯವರ ಮೇಲೆ ತಲೆ ಕೊಟ್ಟು ನುಗ್ಗಿದವನೇ, ಕಾಲೇಜಿನಿಂದ, ಅದಕ್ಕೂ ಮೊದಲಿನಿಂದ. ಯಾವ ಏಟು ಯಾರದ್ದು ಅಂತ ಯಾವ ಡಾಕ್ಟರೂ ಹೇಳಲಾರ. ಹೆಡ್ಡಿ ಒಂದು ಸಲವೂ ಅದರ ಮಾತೆತ್ತಿಲ್ಲ.

ನವೆಂಬರ್ 15, ಮಂಗಳವಾರ

ಹಾಲ್ವರ್ಸನ್‌ಗೆ ಹೇಳಿಬಿಟ್ಟೆ. ಅವನ ಕೋಣೆಗೆ ಹೋಗಿ, ಬಾಗಿಲು ಹಾಕಿ. ವೊಯ್ಚಿಕ್‌ಗೆ ಹುಷಾರಿಲ್ಲ, ಆಟದ ನಡುವೆ ಮರೆಯುತ್ತಾನೆ, ನೀವು ಅವರ ಕೋಚಿಗೆ ಒಂದು ಮಾತು ಹಾಕಿ.

ಸಿಗಾರು ಬಾಯಿಂದ ತೆಗೆದ. "ಅವರ ಆಟಗಾರ, ಅವರ ಡಾಕ್ಟರ್. ನಮಗೇನು?"

"ಸಾಯ್ತಾನೆ ಅವನು ಒಂದಿನ."

"ಎಲ್ಲರೂ ಸಾಯ್ತಾರೆ ಆರ್ಲಿಸ್. ನೋಡು, ಮ್ಯಾನೇಜರ್ ಕೀಫರ್‌ನ ಹಾಕು ಅಂತಿದಾನೆ. ನಾನು ತಡೆದಿದೀನಿ. ಡಿಸೆಂಬರ್‌ನಲ್ಲಿ ಎರಿಗೆ ಹೋಗ್ತೀವಲ್ಲ, ಅಲ್ಲಿ ಇನ್ನೊಂದ್ಸಲ ಹಾಗೇ ಆಡು. ಮುಂದಿನ ವರ್ಷದ ಕಾಗದ ನಾನೇ ಸಹಿ ಹಾಕಿಸ್ತೀನಿ. ಈಗ ಬಾಗಿಲು ತೆಗೆದು ಹೋಗು."

ತೆಗೆದು ಬಂದೆ.

ನವೆಂಬರ್ 24

ಥ್ಯಾಂಕ್ಸ್‌ಗಿವಿಂಗ್. ಟರ್ಕಿ ತುಂಬ ಬೆಂದಿತ್ತು. ಸ್ಟಾನ್ ಪ್ರತಿ ವರ್ಷ ಇವತ್ತು ಫೋನ್ ಮಾಡಿ ಟರ್ಕಿಯ ಹಾಗೆ ಕೂಗುತ್ತಿದ್ದ. ಈ ವರ್ಷ ಇಲ್ಲ.

ಡಿಸೆಂಬರ್ 10, ಶನಿವಾರ. ಎರಿ, ಹೋಟೆಲ್

ಮಧ್ಯಾಹ್ನ ಹೆಡ್ಡಿ ಬಂದಿದ್ದಳು. ಕೆಳಗೆ ಕಾಫಿ ಅಂಗಡಿಯಲ್ಲಿ ಮೂಲೆಯ ಮೇಜು ಹಿಡಿದು ಕೂತಿದ್ದಳು, ತಲೆಗೆ ಸ್ಕಾರ್ಫು, ಮುಂದೆ ಡಬ್ಬಿ. ಕಡುಬು. ನಾಳೆ ಊಟಕ್ಕೆ ಕರೆಯುವುದಿಲ್ಲ ಅಂತ ಅದರಲ್ಲೇ ಗೊತ್ತಾಯಿತು.

"ನೀನು ನನಗೊಂದು ಉಪಕಾರ ಮಾಡ್ಬೇಕು. ಇಲ್ಲ ಅನ್ಬಾರದು."

"ಏನು ಹೇಳು."

"ನಾಳೆ ಅವನ ಕಾಲು ಮುರಿ."

ನಕ್ಕೆ. ಅವಳು ನಗಲಿಲ್ಲ.

"ತಲೆ ಕೆಟ್ಟಿದೆಯಾ ಹೆಡ್ಡಿ?"

"ನನ್ನದಲ್ಲ. ಹೋದ ವಾರ ಗ್ಯಾಸು ಹಚ್ಚದೇ ತಿರುಗಿಸಿಟ್ಟು ಮಲಗಿದ್ದ. ಬುಧವಾರ ನನ್ನನ್ನ ಗೋಡೆಗೆ ಒತ್ತಿ ಹಿಡಿದ. ಕತ್ತು. ಆಮೇಲೆ ಕೂತು ಅತ್ತ, ನನ್ನನ್ನ ಅಮ್ಮಾ ಅಂದ. ಅವನ ಕೋಚ್‌ಗೆ ಹೇಳಿದೆ. ಏನ್ ಮಾಡಿದ್ರು ಗೊತ್ತಾ? ಹೂ ಕಳಿಸಿದ್ರು."

"ಆಸ್ಪತ್ರೆಗೆ..."

"ಬರಲ್ಲ. ಕಾಲು ಮುರಿದ್ರೆ ಬರ್ಲೇಬೇಕು. ಹೊತ್ಕೊಂಡು ಹೋಗ್ತಾರೆ. ದೊಡ್ಡ ಡಾಕ್ಟರು ನೋಡ್ತಾರೆ, ತಂಡದವರಲ್ಲ. ಮುಂದಿನ ವರ್ಷ ಈ ವಯಸ್ಸಿಗೆ ಯಾರೂ ಕರೆಯಲ್ಲ. ಮುಗೀತು. ಕಾಲು ಕೂಡುತ್ತೆ ಆರ್ಲಿಸ್. ತಲೆ ಕೂಡಲ್ಲ."

ಆಗಲ್ಲ ಅಂದೆ. ಮನುಷ್ಯರು ಮಾಡೋ ಕೆಲಸ ಅಲ್ಲ ಅಂದೆ. ಅವಳು ಡಬ್ಬಿ ನನ್ನ ಕಡೆ ತಳ್ಳಿದಳು. "ಬಿಸಿ ಇರುವಾಗ್ಲೇ ತಿನ್ನು." ಎದ್ದು ಹೋದಳು.

ಹೇಗೆ ಮುರಿಯುವುದು ಅಂತ ನನಗೆ ಗೊತ್ತು. ಅದೇ ಕಷ್ಟ. ಪಾದ ಊರಿ ನಿಂತಿರಬೇಕು, ಭಾರವೆಲ್ಲ ಆ ಕಾಲಿನ ಮೇಲಿರಬೇಕು, ಪಕ್ಕದಿಂದ ಭುಜ. ಕ್ಯಾಂಪಿನಲ್ಲಿ ಮೊದಲು ಕಲಿಸುವುದೇ ಅದನ್ನು ಮಾಡಬಾರದು ಅಂತ.

ಕಡುಬು ಎಲ್ಲ ತಿಂದೆ.

ಡಿಸೆಂಬರ್ 13, ಮಂಗಳವಾರ

ಮಾಡಿದೆ.

ಎರಡು ದಿನ ಪೆನ್ನು ಹಿಡಿಯಲಾಗಲಿಲ್ಲ. ಈಗ ಕ್ರಮವಾಗಿ ಬರೆಯುತ್ತೇನೆ.

ಮೊದಲರ್ಧ ನಾನು ಆಡಲೇ ಇಲ್ಲ. ಚೆಂಡು ಹೊರಟಾಗ ಸ್ಟಾನ್ ಮೇಲೆ ಸುಮ್ಮನೆ ಒರಗಿ ನಿಲ್ಲುತ್ತಿದ್ದೆ. ಅವನು ತಪ್ಪು ಕಡೆ ತಿರುಗಿದರೆ ನಾನೂ ಅದೇ ಕಡೆ. ಹೊರಗಿಂದ ನೋಡಿದವರಿಗೆ ಇಬ್ಬರು ದೊಡ್ಡ ಮನುಷ್ಯರು ತಬ್ಬಿಕೊಂಡು ಕುಣಿಯುತ್ತಿದ್ದ ಹಾಗೆ ಕಂಡಿರಬೇಕು. ಹಾಲ್ವರ್ಸನ್ ಅಂಚಿನಿಂದ ಅರಚುತ್ತಿದ್ದ. ಹಿಮ ಬೀಳುತ್ತಿತ್ತು.

ವಿರಾಮದ ನಂತರ ಸ್ಟಾನ್‌ಗೆ ಗೊತ್ತಾಯಿತು. ಅವನ ತಲೆ ಅಷ್ಟು ಹೊತ್ತು ನೆಟ್ಟಗಿತ್ತು ಅಂತ ಕಾಣುತ್ತದೆ. ಕಣ್ಣು ಹಳೆಯ ಸ್ಟಾನ್‌ದು.

"ಯಾಕೋ ಪಾದ್ರಿ? ನಾನೇನು ಮೊಟ್ಟೆನಾ?"

"ಆಡು ಕುಳ್ಳಾ. ಮಾತಾಡ್ಬೇಡ."

"ಹೆಡ್ಡಿ ಏನಂದ್ಲು ನಿನಗೆ? ನನ್ನ ಮೇಲೆ ಕನಿಕರಾನಾ? ನಿನ್ನ ಕನಿಕರ ನಿಮ್ಮಪ್ಪನ ಚರ್ಚಲ್ಲಿ ಹಂಚು. ನನಗೆ ಬೇಡ. ಆಡೋ!"

ನಾನು ಮತ್ತೆ ಒರಗಿ ನಿಂತೆ. ಆಗ ಅವನೊಂದು ಮಾತು ಅಂದ. ನನ್ನ ಕಪ್ಪು ಬಣ್ಣದ ಮೇಲಿನ ಮಾತು. ಇಲ್ಲಿ ಬರೆಯುವುದಿಲ್ಲ. ಎದುರಾಳಿಗಳು ಅಂದಿದ್ದಾರೆ, ಪ್ರೇಕ್ಷಕರು ಅಂದಿದ್ದಾರೆ, ಊರಲ್ಲಿ ಅಂಗಡಿಯವರು ಅಂದಿದ್ದಾರೆ. ಸ್ಟಾನ್ ಎಂಟು ವರ್ಷದಲ್ಲಿ ಒಂದು ಸಲವೂ ಅಂದವನಲ್ಲ. ನನ್ನ ಮೇಜಿನಲ್ಲಿ ಉಂಡವನು. ಮುಖದಲ್ಲಿ ನಗು ಇತ್ತು ಅಂದಾಗ.

ಮುಂದಿನ ಸಲ ಚೆಂಡು ಹೊರಟಿತು. ಆಟ ಆ ಕಡೆ ನಡೆಯಿತು, ನಮ್ಮ ಕಡೆ ಏನೂ ಇಲ್ಲ. ಸ್ಟಾನ್ ಎಡಗಾಲು ಊರಿ ನಿಂತಿದ್ದ, ಅತ್ತ ನೋಡುತ್ತಾ. ಆಟ ನಿಲ್ಲಿಸುವ ಸೀಟಿ ಊದಿದ್ದು ಕೇಳಿಸಿತು. ಕೇಳಿಸಿದ ಮೇಲೆ ನಾನು ಹೋದೆ. ಭುಜ ಕೊಟ್ಟೆ.

ಸದ್ದು ಬಂತು. ಒಣ ಸದ್ದು.

ಸ್ಟಾನ್ ಕೂಗಲಿಲ್ಲ. ಹಿಮದ ಮೇಲೆ ಬಿದ್ದುಕೊಂಡು ನನ್ನನ್ನೇ ನೋಡಿದ. "ಓ," ಅಂದ. ಅಷ್ಟೇ. ಕಿಸೆಯಿಂದ ಏನೋ ಬಿದ್ದುಹೋದವರ ಹಾಗೆ.

ತಪ್ಪಿಗೆ ರೆಫರಿ ಎಸೆಯುವ ಹಳದಿ ಬಾವುಟ ಬಿತ್ತು. ನನ್ನನ್ನು ಹೊರಗೆ ಹಾಕಿದರು. ನಡೆದು ಹೋಗುವಾಗ ಜನ ಬಿಯರು ಎರಚಿದರು, ಹಿಮದುಂಡೆ, ಬ್ಯಾಟರಿ ಸೆಲ್ಲು. ಹೆಡ್ಡಿ ಎಲ್ಲಿ ಕೂರುತ್ತಾಳೆ ಅಂತ ಗೊತ್ತು. ಆ ಕಡೆ ನೋಡಲಿಲ್ಲ.

ಡಿಸೆಂಬರ್ 14, ಬುಧವಾರ

ವರ್ನೀಸ್‌ಗೆ ಎಲ್ಲ ಹೇಳಿದೆ. ಶಾಲೆಯಿಂದ ಬಂದವಳು ಕೋಟು ಕೂಡ ತೆಗೆಯದೆ ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ.

"ಹೆಡ್ಡಿ ಕೇಳಿದ್ಲು ಅಂತ ಮಾಡಿದ್ಯಾ, ಅವನು ಆ ಮಾತಂದ ಅಂತ ಮಾಡಿದ್ಯಾ?"

"ಅವಳು ಕೇಳದಿದ್ರೆ..."

"ಎರಡರಲ್ಲಿ ಒಂದು ಹೇಳು ಆರ್ಲಿಸ್."

ಅವಳು ಕಾದಳು. ಆಮೇಲೆ ಕೋಟು ತೆಗೆದು ಮೊಳೆಗೆ ಹಾಕಿ ಅಡುಗೆಮನೆಗೆ ಹೋದಳು.

ಆ ಮಾತು ಅವನದೋ, ಕೆಟ್ಟ ತಲೆಯದೋ. ಅಥವಾ ಇಷ್ಟು ವರ್ಷ ಒಳಗಿದ್ದು ತಲೆ ಕೆಟ್ಟಾಗ ಹೊರಬಂದದ್ದೋ. ಇಲ್ಲ — ನನ್ನನ್ನು ಆಡಿಸಬೇಕು ಅಂತಲೇ ಹುಡುಕಿ ಅಂದನೋ. ಹಾಗೂ ಇರಬಹುದು. ನನಗೆ ಎಲ್ಲಿ ಚುಚ್ಚಿದರೆ ಏಳುತ್ತೇನೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಡಿಸೆಂಬರ್ 20, ಮಂಗಳವಾರ

ಸೀಸನ್ ಮುಗಿಯಿತು. ಲೀಗು ಮುಂದಿನ ವರ್ಷದ ಅರ್ಧಕ್ಕೆ ನನ್ನನ್ನು ನಿಷೇಧಿಸಿದೆ. ತಂಡ ಪೂರ್ತಿಯಾಗಿ ಕೈಬಿಟ್ಟಿದೆ.

ಹಾಲ್ವರ್ಸನ್ ತಾನೇ ಹೇಳಿದ, ಅಷ್ಟು ಮರ್ಯಾದೆ ಇಟ್ಟುಕೊಂಡ. "ಕೆಡವು ಅಂದಿದ್ದೆ. ಮುರಿ ಅಂದಿರಲಿಲ್ಲ."

"ನಿಮಗೆ ಹೇಳಿದ್ದೆ, ಅವನಿಗೆ ಹುಷಾರಿಲ್ಲ ಅಂತ."

"ಗೊತ್ತಿದ್ದೂ ಹೊಡೆದ್ಯಲ್ಲ. ಅದು ಇನ್ನೂ ಕೆಟ್ಟದು." ಕೈ ಕುಲುಕಲಿಲ್ಲ.

ಲಾಕರ್ ಖಾಲಿ ಮಾಡುವಾಗ ಕೀಫರ್ ಒಬ್ಬನೇ ಇದ್ದ. ಸಹಾಯ ಮಾಡಲಾ ಅಂತ ಕೇಳಲಿಲ್ಲ. ಸರ್ ಅಂತಲೂ ಅನ್ನಲಿಲ್ಲ.

ಪೇಪರಿನಲ್ಲಿ ನನ್ನ ಹೆಸರಿನ ಹಿಂದೆ ಈಗೊಂದು ಖಾಯಂ ಪದ ಸೇರಿದೆ. ಕಟುಕ. ನಾನು ಬಾಯಿ ಬಿಟ್ಟರೆ ಹೆಡ್ಡಿಯ ಹೆಸರು ಬರಬೇಕು. ಬಿಡುವುದಿಲ್ಲ.

ಜನವರಿ 3, 1978. ಮಂಗಳವಾರ

ಕೊನೆಗೂ ಹೆಡ್ಡಿಗೆ ಫೋನ್ ಮಾಡಿದೆ. ತುಂಬ ಹೊತ್ತು ಗಂಟೆ ಬಾರಿಸಿದ ಮೇಲೆ ಎತ್ತಿದಳು.

ಅವಳು ಎಣಿಸಿದ ಹಾಗೇ ಆಯಿತಂತೆ. ಕಾಲಿಗೆ ಆಪರೇಷನ್ ಮಾಡಿದ ಡಾಕ್ಟರು ಯಾವ ತಿಂಗಳು ಅಂತ ಕೇಳಿದರಂತೆ. ಸ್ಟಾನ್ ಕಿಟಕಿಯ ಹೊರಗೆ ನೋಡಿ, ಹಿಮ ಕಂಡು, ಫೆಬ್ರವರಿ ಅಂದನಂತೆ. ಪಕ್ಕದ ಊರಿಂದ ತಲೆಯ ಡಾಕ್ಟರನ್ನು ಕರೆಸಿದರು. ಮತ್ತೆ ಮೈದಾನಕ್ಕೆ ಕಾಲಿಡುವ ಹಾಗಿಲ್ಲ, ಎಂದೆಂದಿಗೂ. ವಾಸಿಯಾಗುತ್ತಾ ಅಂದರೆ ಅದಕ್ಕೆ ಉತ್ತರವಿಲ್ಲ. ನಿಂತಲ್ಲಿ ನಿಂತರೆ ಅದೇ ದೊಡ್ಡದು ಅಂದರಂತೆ.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ," ಅಂದೆ.

ಅವಳ ಹಿಂದೆ ಟಿವಿ ಸದ್ದು, ಸ್ಟಾನ್ ನಗುತ್ತಿದ್ದ.

"ನಾನೇ ಕೇಳಿದೆ. ನೀನು ಮಾಡಿದೆ. ನಿನಗೆ ನಾನು ಋಣಿಯಾಗಿರ್ಬೇಕು. ದಿನಾ ಬೆಳಿಗ್ಗೆ ಹಾಗಂತ ಹೇಳ್ಕೋತೀನಿ. ಆದ್ರೆ ನಾನು ಆ ಸದ್ದು ಕೇಳಿದೆ ಆರ್ಲಿಸ್. ಅಷ್ಟು ದೂರದಿಂದ ಕೇಳಿದೆ. ಇನ್ನು ಫೋನ್ ಮಾಡ್ಬೇಡ."

ಜನವರಿ 16, ಸೋಮವಾರ

ಗಾಜಿನ ಕಾರ್ಖಾನೆಯಲ್ಲಿ ಕೆಲಸ ಕೇಳಿದೆ. ಪ್ರತಿ ಬೇಸಿಗೆ ಅಲ್ಲೇ ಲಾರಿ ತುಂಬುತ್ತಿದ್ದೆ, ಈಗ ವರ್ಷಪೂರ್ತಿ. ಮೇಸ್ತ್ರಿ ಹೂಂ ಅಂದ. ಬೆನ್ನ ಹಿಂದೆ ಒಬ್ಬ, "ಹುಷಾರ್ ಕಣ್ರೋ, ಮೊಣಕಾಲು ಮುಚ್ಕೊಳ್ಳಿ," ಅಂದ. ಎಲ್ಲರೂ ನಕ್ಕರು.

ಈ ಸಲ ನಾನು ನಗಲಿಲ್ಲ.

ಜನವರಿ 25, ಬುಧವಾರ, ಮಧ್ಯಾಹ್ನ

ಬೆಳಿಗ್ಗೆಯಿಂದ ಮಳೆ. ಜನವರಿಯಲ್ಲಿ ಮಳೆ! ರಾತ್ರಿ ಹಿಮದ ಬಿರುಗಾಳಿ ಬರುತ್ತದೆ, ಯಾರೂ ಹೊರಗೆ ಹೋಗಬೇಡಿ, ಅಂತ ರೇಡಿಯೋ ಹೇಳುತ್ತಲೇ ಇದೆ. ಕಾರ್ಖಾನೆ ಬೇಗ ಬಿಟ್ಟಿತು. ಮನೆಗೆ ಬಂದು ಸೂಪು ಬಿಸಿಗಿಡುತ್ತಿದ್ದೆ, ಹೊರಗೆ ಕಾರು ನಿಂತಿತು.

ಸ್ಟಾನ್.

ಒಬ್ಬನೇ. ಎಡಗಾಲಿಗೆ ತೊಡೆಯವರೆಗೆ ಪ್ಲಾಸ್ಟರು, ಕಂಕುಳಲ್ಲಿ ಊರುಗೋಲು, ತಲೆಗೆ ಟೋಪಿಯಿಲ್ಲ. ಮೆಟ್ಟಿಲ ಮೇಲೆ ನಿಂತು ಬಾಗಿಲನ್ನು ಊರುಗೋಲಿನಿಂದ ತಟ್ಟಿದ.

"ಪಾದ್ರೀ, ಒಳಗೆ ಕರೀತೀಯೋ ಇಲ್ಲೇ ತೊಳೀತೀಯೋ?"

ತೋಳು ಕೊಟ್ಟು ಒಳಗೆ ತಂದೆ. ಭಾರ ಇಳಿದಿದ್ದಾನೆ. ಹೇಗೆ ಬಂದೆ ಅಂದರೆ, "ಬ್ರೇಕಿಗೆ ಬಲಗಾಲಿದೆಯಲ್ಲ," ಅಂದ. "ದಾರಿ?" "ಸರೋವರ ಬಲಗಡೆ ಇದ್ರೆ ಟೊಲೀಡೊ, ಎಡಗಡೆ ಇದ್ರೆ ಮನೆ. ಇನ್ನೂ ಅಷ್ಟು ಕೆಟ್ಟಿಲ್ಲ." ಹೆಡ್ಡಿಗೆ ಹೇಳಿ ಬಂದಿಲ್ಲ. ಈಗ ನಾನು ಫೋನ್ ಮಾಡಿದರೂ ಎತ್ತಲಿಲ್ಲ, ಹುಡುಕಲು ಹೊರಗೆ ಹೋಗಿರಬೇಕು. ಆಮೇಲೆ ಮತ್ತೆ ಮಾಡಬೇಕು. ಈ ರಾತ್ರಿ ಅವನು ಎಲ್ಲಿಗೂ ಹೋಗುವ ಹಾಗಿಲ್ಲ.

ಸೂಪು ಬಡಿಸಿದೆ. ಎರಡು ಬಟ್ಟಲು ಕುಡಿದ. ಆಮೇಲೆ ಚಮಚ ಕೆಳಗಿಟ್ಟು ನನ್ನನ್ನು ನೋಡಿದ. ಹಳೆಯ ಕಣ್ಣು, ಸ್ಪಷ್ಟ.

"ಒಂದು ಕೇಳ್ಬೇಕು, ಅದಕ್ಕೇ ಬಂದೆ. ನೆನಪಿರೋವಾಗ್ಲೇ ಕೇಳ್ಬೇಕು ಅಂತ ಗ್ಲೌಸ್ ಮೇಲೆ ಬರ್ಕೊಂಡು ಬಂದೆ." ತೋರಿಸಿದ. ಮಳೆಗೆ ಇಂಕು ಹರಡಿತ್ತು. "ಆ ದಿನ ನನಗೆ ನೆನಪಿಲ್ಲ. ಹಿಮ ನೆನಪಿದೆ. ಆಮೇಲೆ ಆಸ್ಪತ್ರೆ. ಪೇಪರ್‌ನೋರು ನೀನು ಬೇಕಂತಲೇ ಮುರಿದೆ ಅಂತಾರೆ. ನಾನು ಅವರಿಗೆ ಹೇಳಿದೆ, ಪಾದ್ರಿ ಅಂಥವನಲ್ಲ, ಜಾರಿ ಬಿದ್ದಿರ್ತಾನೆ ಅಂತ. ಹೆಡ್ಡೀನ ಕೇಳಿದ್ರೆ ಎದ್ದು ಹೋಗ್ತಾಳೆ. ನೀನು ಹೇಳು. ಜಾರಿದ್ಯಾ?"

ಸ್ಟವ್ ಆರಿಸಿದೆ. ಬೇಕಿರಲಿಲ್ಲ.

"ನಾನೇನಾದ್ರೂ ಅಂದ್ನಾ ನಿನಗೆ? ಅದನ್ನೂ ಹೇಳು. ನಾನು ಈಗೀಗ ಏನೇನೋ ಅಂತೀನಂತೆ."

ಒಣ ಬಟ್ಟೆ ತರುತ್ತೇನೆ ಅಂತ ಮೇಲೆ ಬಂದೆ. ಬೀರು ತೆಗೆದವನು ಬಟ್ಟೆ ಬಿಟ್ಟು ಇದನ್ನು ಹಿಡಿದು ಕೂತಿದ್ದೇನೆ. ಜಾರಿದೆ ಅಂದರೆ ನಂಬುತ್ತಾನೆ. ನಾಳೆ ಮತ್ತೆ ಕೇಳಬಹುದು, ಮತ್ತೆ ಜಾರಿದೆ ಅನ್ನಬಹುದು, ಅವನು ಪ್ರತಿ ಸಲ ನಂಬುತ್ತಾನೆ. ಅಂಥವನಿಗೆ ಸುಳ್ಳು ಹೇಳುವುದು... ಇಲ್ಲ. ನಿಜ ಹೇಳಿದರೆ ಅವನಿಗೆ ಹೆಡ್ಡಿಯೂ ಉಳಿಯುವುದಿಲ್ಲ. ಹೆಡ್ಡಿಯನ್ನು ಬಿಟ್ಟು ನಿಜ ಹೇಳಬಹುದು — ನೀನೊಂದು ಮಾತಂದೆ, ನನಗೆ ಸಿಟ್ಟು ಬಂತು, ಮುರಿದೆ. ಅದು ಸುಳ್ಳಲ್ಲ. ವರ್ನೀಸ್ ಕೇಳಿದ ಪ್ರಶ್ನೆಗೆ ಅದೇ ಉತ್ತರವೋ ಏನೋ. ಆದರೆ ಹಾಗಂದರೆ ಅವನು ಇನ್ನು...

ಕೆಳಗಿನಿಂದ ಕೂಗುತ್ತಿದ್ದಾನೆ. "ಪಾದ್ರೀ! ಬಟ್ಟೆ ಹೆಣೀತಿದೀಯಾ?"

ಗಾಳಿ ತಿರುಗಿತು. ಕಿಟಕಿಗೆ ಬಡಿಯುತ್ತಿರುವುದು ಈಗ ಮಳೆಯಲ್ಲ.

ಇಳಿದು ಹೋಗುತ್ತೇನೆ. ಎದುರಿಗೆ ಕೂತು, ಮುಖ ನೋಡಿಯೇ ಹೇಳುತ್ತೇನೆ. ಸ್ಟಾನ್, ನಾನು ಜಾರಲಿಲ್ಲ.